ಮೂರು ಚೀಟಿ ಕಡಿಮೆ

"ಎಣಿಸಿ ಆಯ್ತಾ?" ಎಂದರು ಇನ್‌ಸ್ಪೆಕ್ಟರ್. ನನ್ನ ಮುಖ ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿದರು.

"ಆಯ್ತು. ಸಾವಿರದ ಇನ್ನೂರ ಇಪ್ಪತ್ತೊಂಬತ್ತು."

"ಸರಿ ಇದೆಯಲ್ಲ ಮತ್ತೆ?"

"ಇಲ್ಲ. ಮೂರು ಚೀಟಿ ಕಡಿಮೆ."

ಮೇಜಿನ ಆಚೆ ಬದಿಯಲ್ಲಿ ಕಚೇರಿಯ ಮುಖ್ಯಸ್ಥರು ಮೂಗಿನಲ್ಲೇ ನಕ್ಕರು. "ನಾನು ಆಗಲೇ ಹೇಳಲಿಲ್ವಾ ಸಾರ್? ಗಂಡನಿಗೆ ಹಿಡಿದಿದ್ದ ಹುಚ್ಚು ಹೆಂಡತಿಗೂ ಅಂಟಿದೆ."

ಸಂಖ್ಯೆಗಳನ್ನು ಒಡೆದು ಕೋಷ್ಟಕ ಮಾಡುವ ಈ ಕಚೇರಿಯ ನಾಲ್ಕನೆಯ ಮಹಡಿಯಿಂದ, ಮೆಟ್ಟಿಲುಗಳ ನಡುವಿನ ಖಾಲಿಯೊಳಗೆ ಬಿದ್ದು ನನ್ನ ಗಂಡ ಸತ್ತು ಹದಿನಾರು ದಿನವಾಗಿತ್ತು. ಹಾರಿಕೊಂಡ ಎಂದು ಎಲ್ಲರೂ ಹೇಳುತ್ತಿದ್ದರು. ಸಂಜೆ ಐದಕ್ಕೆ ಹಾಗೆಂದೇ ಬರೆದು ಫೈಲು ಮುಚ್ಚುವುದಾಗಿ ಇನ್‌ಸ್ಪೆಕ್ಟರ್ ತಿಳಿಸಿದ್ದರು. ಈಗ ನಾಲ್ಕಾಗಿತ್ತು.

"ನೋಡಮ್ಮ," ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಚೀಟಿ ಎಣಿಸಬೇಕು ಅಂದ್ರಿ, ಎಣಿಸೋಕೆ ಬಿಟ್ಟೆ. ನನಗೆ ಬೇರೆ ಕೆಲಸ ಇಲ್ವಾ? ಲೆಕ್ಕಕ್ಕೆ ಹೆದರಿ ಪೊಲೀಸ್ ಸೇರಿದವನು ನಾನು. ಇಲ್ಲೂ ಬಂದು ಬೆನ್ನು ಹತ್ತಿತಲ್ಲ ಈ ಪೀಡೆ."

"ಸ್ವಲ್ಪ ಹೊತ್ತು ಸಾಕು," ಎಂದೆ.

ಮುಖ್ಯಸ್ಥರ ಕೋಣೆಯಲ್ಲಿ ಎರಡು ಕಿಟಕಿ, ಎರಡೂ ಮುಚ್ಚಿದ್ದವು. ಮೇಜಿನ ಮೇಲೆ ನನ್ನ ಗಂಡನ ಮರದ ಪೆಟ್ಟಿಗೆ. ಅದರಲ್ಲಿ ಬಿಳಿ ದಾರ ಸುತ್ತಿದ ಹದಿಮೂರು ಕಟ್ಟು ಚೀಟಿ. ಪಕ್ಕದಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ, ಅದರ ಹಿಡಿಯ ಬಣ್ಣ ಸವೆದು ಕಬ್ಬಿಣ ಕಾಣುತ್ತಿತ್ತು. ಸವೆಸಿದ ಕೈ ಯಾವುದೆಂದು ನನಗೆ ಗೊತ್ತಿತ್ತು.

ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಸಂಖ್ಯೆ ಬರೆದಿತ್ತು. ೧೦,೦೭,೬೧,೪೪೩. ಹತ್ತು ಕೋಟಿ ಏಳು ಲಕ್ಷ ಅರವತ್ತೊಂದು ಸಾವಿರದ ನಾಲ್ಕುನೂರ ನಲವತ್ತಮೂರು.

ಇದೇ ಸಂಖ್ಯೆ ಕೆಳಗೆ, ಕಟ್ಟಡದ ಬಾಗಿಲ ಪಕ್ಕದ ಕಲ್ಲಿನಲ್ಲೂ ಇದೆ. ಈ ಕಚೇರಿ ಕಂಡುಹಿಡಿದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಎಂದು ಹನ್ನೆರಡು ವರ್ಷದ ಹಿಂದೆ ಕೆತ್ತಿಸಿದ್ದು. ಅದರ ಕೆಳಗೆ ಮುಖ್ಯಸ್ಥರ ಹೆಸರು. ಕೆಲಸದವರು ಹಿಂದಿನಿಂದ ಅವರನ್ನು ಕಲ್ಲು ಸಾಹೇಬರು ಎನ್ನುತ್ತಾರೆ.

"ಸಾರ್‌ಗೆ ಅರ್ಥ ಆಗೋ ಹಾಗೆ ನಾನೇ ಹೇಳಿಬಿಡ್ತೀನಿ," ಎಂದರು ಮುಖ್ಯಸ್ಥರು. "ಅವಿಭಾಜ್ಯ ಅಂದ್ರೆ ಒಡೆಯದ ಸಂಖ್ಯೆ. ಒಂದರಿಂದ ಭಾಗವಾಗುತ್ತೆ, ತನ್ನಿಂದ ತಾನು ಭಾಗವಾಗುತ್ತೆ. ಬೇರೆ ಯಾವುದರಿಂದ ಭಾಗಿಸಿದರೂ ಏನಾದರೂ ಶೇಷ ಉಳಿಯುತ್ತೆ. ಕೋಷ್ಟಕದ ಹೊಸ ಮುದ್ರಣ ಬರ್ತಾ ಇದೆ, ಕಲ್ಲಿನ ಸಂಖ್ಯೆನ ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ ಅಂತ ಇವರ ಯಜಮಾನರು ಕೂತರು. ಯಾರೂ ಹೇಳಿರಲಿಲ್ಲ. ತಾನಾಗಿ ಕೂತ. ಒಡೆಯುತ್ತೆ, ಒಡೆಯುತ್ತೆ ಅಂತ ಊರೆಲ್ಲ ಸಾರಿದ. ಎರಡರಿಂದ ಶುರುಮಾಡಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸ್ತಾ ಹೋದ. ಒಂದು ಭಾಗಾಕಾರಕ್ಕೆ ಒಂದು ಚೀಟಿ. ಸಾವಿರದ ಇನ್ನೂರ ಇಪ್ಪತ್ತೊಂಬತ್ತು ಚೀಟಿ. ಎಲ್ಲದರಲ್ಲೂ ಶೇಷ. ಒಡೆಯಲಿಲ್ಲ. ಮುಖ ತೋರಿಸೋಕೆ ಆಗಲಿಲ್ಲ."

"ಹಾರಿದ," ಎಂದು ಇನ್‌ಸ್ಪೆಕ್ಟರ್ ಮುಗಿಸಿದರು.

"ಬೆಳಿಗ್ಗೆ ಮನೇಲೂ ರಂಪ ಆಗಿತ್ತಂತೆ. ಇವರ ಭಾವನೇ ಹೇಳಿಕೆ ಕೊಟ್ಟಿದ್ದಾರಲ್ಲ." ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಏನ್ರೀ, ಸುಳ್ಳಾ?"

ಸುಳ್ಳಲ್ಲ. ನಿಮ್ಮ ಆ ಸಂಖ್ಯೆ ಜೊತೆಗೇ ಸಂಸಾರ ಮಾಡಿ ಎಂದು ಆ ಬೆಳಿಗ್ಗೆ ನಾನು ಅಂದಿದ್ದೆ. ಅವರು ನಕ್ಕು, ಇವತ್ತು ಸಂಜೆಗೆ ಅದಕ್ಕೆ ವಿಚ್ಛೇದನ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು. ನಕ್ಕಿದ್ದನ್ನು ಭಾವ ಹೇಳಿಕೆಯಲ್ಲಿ ಬರೆಸಿರಲಿಲ್ಲ.

ಭಾವ ಅಂದರೆ ನನ್ನ ಗಂಡನ ಅಣ್ಣ. ಇದೇ ಕಚೇರಿಯಲ್ಲಿ ತಾಳೆ ನೋಡುವವರು. ಯಾರು ಭಾಗಿಸಿದರೂ ಆ ಚೀಟಿ ಭಾವನ ಮೇಜಿಗೆ ಹೋಗುತ್ತದೆ. ಅವರು ಇನ್ನೊಮ್ಮೆ ಲೆಕ್ಕ ಮಾಡುತ್ತಾರೆ. ಸರಿ ಇದ್ದರೆ ಬಲಗಡೆ ರುಜು ಹಾಕಿ ತಾರೀಖು, ವೇಳೆ ಬರೆಯುತ್ತಾರೆ. ಇಂದು ನನ್ನನ್ನು ಸ್ಕೂಟರಿನಲ್ಲಿ ಕರೆತಂದು ಕೆಳಗೆ ಬಾಗಿಲ ಹತ್ತಿರ ಕಾಯುತ್ತಿದ್ದರು.

ನಾನು ಕೊನೆಯ ಕಟ್ಟು ಬಿಚ್ಚಿ, ಕೊನೆಯ ಚೀಟಿಯನ್ನು ಇನ್‌ಸ್ಪೆಕ್ಟರ್ ಮುಂದಿಟ್ಟೆ.

"ಇದರಲ್ಲಿ ಏನಿದೆ ಓದಿ."

"ಕ್ರಮಸಂಖ್ಯೆ ಸಾವಿರದ ಇನ್ನೂರ ಇಪ್ಪತ್ತೊಂಬತ್ತು. ಭಾಜಕ ೯೯೭೩. ಭಾಗಲಬ್ಧ ೧೦,೧೦೩. ಶೇಷ ೪೨೨೪." ಅವರು ತಲೆ ಎತ್ತಿದರು. "ಶೇಷ ಇದೆಯಲ್ಲಮ್ಮ. ಒಡೀಲಿಲ್ಲ."

"ಶೇಷ ಬಿಡಿ. ಭಾಜಕ ದೊಡ್ಡದೋ ಭಾಗಲಬ್ಧ ದೊಡ್ಡದೋ?"

"ಭಾಗಲಬ್ಧ."

"ಹಾಗಿದ್ರೆ ಕೆಲಸ ಮುಗಿದಿಲ್ಲ."

ಮುಖ್ಯಸ್ಥರ ಬೆರಳು ಮೇಜಿನ ಮೇಲೆ ಆಡುವುದನ್ನು ನಿಲ್ಲಿಸಿತು.

"ಒಂದು ಉದ್ದ ಓಣಿ ಅಂದ್ಕೊಳ್ಳಿ," ಎಂದೆ. "ಆ ಕೊನೆಯಿಂದ ಒಬ್ಬ, ಈ ಕೊನೆಯಿಂದ ಒಬ್ಬ ಎದುರುಬದುರು ನಡೆದು ಬರ್ತಾರೆ. ಒಬ್ಬ ಭಾಜಕ, ಇನ್ನೊಬ್ಬ ಭಾಗಲಬ್ಧ. ಎರಡರಿಂದ ಭಾಗಿಸಿದಾಗ ಭಾಗಲಬ್ಧ ಐದು ಕೋಟಿ. ಭಾಜಕ ದೊಡ್ಡದಾಗ್ತಾ ಹೋದ ಹಾಗೆ ಭಾಗಲಬ್ಧ ಚಿಕ್ಕದಾಗ್ತಾ ಬರುತ್ತೆ. ನಡುವೆ ಎಲ್ಲೋ ಇಬ್ಬರೂ ಮುಖಾಮುಖಿ ಆಗ್ತಾರೆ. ಅಲ್ಲಿವರೆಗೆ ಭಾಗಿಸಲೇಬೇಕು. ಆಮೇಲೆ ಬೇಕಿಲ್ಲ, ನೋಡಿದ ಜೋಡಿಗಳೇ ತಿರುಗಾಮುರುಗ ಬರ್ತವೆ. ಈ ಚೀಟಿಯಲ್ಲಿ ಇಬ್ಬರೂ ಇನ್ನೂ ಮುಖಾಮುಖಿ ಆಗಿಲ್ಲ. ನೂರ ಮೂವತ್ತರಷ್ಟು ದೂರ ಉಳಿದಿದೆ."

ಇನ್‌ಸ್ಪೆಕ್ಟರ್ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. "ಮತ್ತೆ ಯಾಕೆ ಇಲ್ಲಿ ನಿಲ್ಲಿಸಿದ್ದಾರೆ?"

"ಅವರು ನಿಲ್ಲಿಸಿಲ್ಲ."

"ಪುಸ್ತಕ ಮುಗೀತು, ನಿಲ್ಲಿಸಿದ," ಎಂದರು ಮುಖ್ಯಸ್ಥರು. ಎದ್ದು ಕಪಾಟಿನಿಂದ ದಪ್ಪ ಬಟ್ಟೆಯ ಹೊದಿಕೆಯ ಪುಸ್ತಕವನ್ನು ತೆಗೆದು ಧಪ್ಪೆಂದು ಇಟ್ಟರು. "ಅವಿಭಾಜ್ಯಗಳ ಪಟ್ಟಿ. ಹತ್ತು ಸಾವಿರದವರೆಗೆ. ಕೊನೆಯದು ೯೯೭೩. ಈ ಕಟ್ಟಡ ಕಟ್ಟೋಕೆ ಮುಂಚಿನಿಂದ ನಾವು ಇದನ್ನೇ ಬಳಸ್ತಾ ಇದ್ದೀವಿ. ನಿನ್ನೆ ಮೊನ್ನೆ ಕಾಲೇಜು ಮುಗಿಸಿದವರು ಬಂದು ನಮಗೆ ಪಾಠ ಹೇಳೋದು ಬೇಡ. ಗಂಡನ್ನ ಮನೇಲಿ ನೆಟ್ಟಗೆ ನೋಡ್ಕೊಂಡಿದ್ರೆ ಇಲ್ಲಿ ಬಂದು ಭಾಗಾಕಾರ ಮಾಡೋ ಗತಿ ಬರ್ತಿರಲಿಲ್ಲ."

ಹದಿನಾರು ದಿನದಲ್ಲಿ ಇದಕ್ಕಿಂತ ಕೆಟ್ಟದ್ದನ್ನು ಕೇಳಿದ್ದೆ, ಅದೂ ಊಟದ ತಟ್ಟೆ ಮುಂದೆ.

ಪುಸ್ತಕದ ಕೊನೆಯ ಪುಟ ತೆಗೆದೆ. ಕೊನೆಯ ಸಾಲಿನಲ್ಲಿ ೯೯೭೩. ಅದರ ಕೆಳಗೆ ಅಚ್ಚಿನವರ ಹೂವಿನ ಗುರುತು. ಪುಸ್ತಕ ಮುಗಿದರೆ ಲೆಕ್ಕವೂ ಮುಗಿಯಿತು ಎಂದು ಈ ಕಚೇರಿಯಲ್ಲಿ ಬೆಳೆದವರಿಗೆ ಮಾತ್ರ ಅನ್ನಿಸಲು ಸಾಧ್ಯ. ಹೊರಗಿನ ಯಾರಾದರೂ ಆಗಿದ್ದರೆ ಭಾಗಲಬ್ಧದ ಕಡೆ ಒಂದು ಸಲ ಕಣ್ಣು ಹಾಯಿಸುತ್ತಿದ್ದರು.

"ಹತ್ತು ಸಾವಿರ ದಾಟಿದ ಮೇಲೆ, ಇಬ್ಬರೂ ಮುಖಾಮುಖಿ ಆಗೋದರೊಳಗೆ ಇನ್ನು ಮೂರೇ ಅವಿಭಾಜ್ಯ ಇವೆ," ಎಂದೆ. "೧೦,೦೦೭. ೧೦,೦೦೯. ೧೦,೦೩೭. ಪುಸ್ತಕದಲ್ಲಿ ಇಲ್ಲ, ತಾವೇ ಹುಡುಕಿಕೊಳ್ಳಬೇಕು. ನನ್ನ ಗಂಡ ಕೊನೆಯ ದಿನ ಇಡೀ ಅದನ್ನೇ ಮಾಡಿದ್ದಾರೆ. ಈ ಚೀಟಿಯ ತಾರೀಖು, ವೇಳೆ ನೋಡಿ, ಹಿಂದಿನ ದಿನ ಸಂಜೆ. ಸತ್ತ ದಿನದ್ದು ಒಂದು ಚೀಟಿನೂ ಪೆಟ್ಟಿಗೆಯಲ್ಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಅವರು ಇಲ್ಲಿ ಕೂತು ಏನು ಮಾಡ್ತಿದ್ರು?"

"ಕಿಟಕಿ ನೋಡ್ತಿದ್ದ," ಎಂದರು ಮುಖ್ಯಸ್ಥರು.

"ಇರಿ ಸಾರ್, ಇರಿ." ಇನ್‌ಸ್ಪೆಕ್ಟರ್ ಕೈ ಎತ್ತಿದರು. ನನಗೆ: "ಆ ಮೂರರಲ್ಲೂ ಶೇಷ ಬಂದಿದ್ರೆ? ಆಗಲೂ ಅವಮಾನವೇ ಅಲ್ವಾ?"

"ಬರಲ್ಲ. ಸಂಖ್ಯೆಗೆ ಒಂದು ಕೂಡಿಸಿ."

"ಏನು?"

"ಒಂದು ಕೂಡಿಸಿದರೆ ೧೦,೦೭,೬೧,೪೪೪. ಅದು ಪೂರ್ಣ ವರ್ಗ. ೧೦,೦೩೮ನ್ನು ೧೦,೦೩೮ರಿಂದಲೇ ಗುಣಿಸಿದರೆ ಬರುತ್ತೆ. ಮೂರಕ್ಕಿಂತ ದೊಡ್ಡ ಸಂಖ್ಯೆ ಪೂರ್ಣ ವರ್ಗಕ್ಕೆ ಒಂದೇ ಒಂದು ಕಡಿಮೆ ಇದ್ರೆ ಅದು ಒಡೆದೇ ಒಡೆಯುತ್ತೆ. ಮೂರು ಮೂರಲ ಒಂಬತ್ತು, ಒಂದು ಕಳೆದರೆ ಎಂಟು, ಅದು ಎರಡು ನಾಲ್ಕಲ. ಹತ್ತು ಹತ್ತಲ ನೂರು, ಒಂದು ಕಳೆದರೆ ತೊಂಬತ್ತೊಂಬತ್ತು, ಅದು ಒಂಬತ್ತು ಹನ್ನೊಂದಲ. ನಡುವಿನದಕ್ಕೆ ಈ ಕಡೆ ಒಂದು, ಆ ಕಡೆ ಒಂದು."

ಇನ್‌ಸ್ಪೆಕ್ಟರ್ ತುಟಿಯಲ್ಲೇ ಏನೋ ಮಾಡಿಕೊಂಡರು. "ನಾಲ್ಕು ನಾಲ್ಕಲ ಹದಿನಾರು. ಹದಿನೈದು. ಮೂರೈದಲ." ಅವರ ಹುಬ್ಬು ಏರಿತು. "ಅರೆ, ಹೌದಲ್ಲ. ನಮ್ಮ ಮೇಷ್ಟ್ರು ಇದನ್ನ ಹೇಳಲೇ ಇಲ್ಲ, ಬರೀ ಬೆತ್ತ ಹಿಡಿದು ನಿಲ್ತಿದ್ರು."

"ಇಲ್ಲಿ ನಡುವಿನದು ೧೦,೦೩೮. ಈ ಕಡೆ ೧೦,೦೩೭. ಆ ಕಡೆ ೧೦,೦೩೯. ಗುಣಿಸಿ ನೋಡಿ. ನಾನು ಮುಟ್ಟಲ್ಲ, ನೀವೇ ತಿರುಗಿಸಿ."

ಅವರು ಯಂತ್ರದ ಮುಂದೆ ಕುಳಿತರು. ನಾನು ಹೇಳಿದಂತೆ ೧೦,೦೩೭ ಇಟ್ಟರು. ಒಂಬತ್ತು ಸುತ್ತು. ಒಂದು ಮನೆ ಸರಿಸಿ ಮೂರು ಸುತ್ತು. ಮೂರು ಮನೆ ಸರಿಸಿ ಒಂದು ಸುತ್ತು. ಯಂತ್ರ ಕರಕರ ಎಂದಿತು. ಹದಿಮೂರು ಸುತ್ತಿಗೆ ಅವರ ಹಣೆಯಲ್ಲಿ ಬೆವರು ಬಂದಿತ್ತು.

ಕಿಂಡಿಗಳಲ್ಲಿ ಅಂಕೆಗಳು ನಿಂತವು. ೧೦,೦೭,೬೧,೪೪೩.

ಅವರು ಪೆಟ್ಟಿಗೆಯ ಮುಚ್ಚಳ ನೋಡಿದರು. ಮತ್ತೆ ಕಿಂಡಿ ನೋಡಿದರು. ಬೆರಳಿಟ್ಟು ಒಂದೊಂದೇ ಅಂಕೆ ಹೋಲಿಸಿದರು.

"ಒಡೀತು," ಎಂದರು. "ಅಣ್ಣ ತಮ್ಮನ ಹಾಗೆ ಅಕ್ಕಪಕ್ಕದಲ್ಲೇ ನಿಂತಿವೆಯಲ್ಲಮ್ಮ ಎರಡೂ."

"ಸಾವಿರದ ಇನ್ನೂರ ಮೂವತ್ತೆರಡನೇ ಚೀಟಿ," ಎಂದೆ. "ಭಾಜಕ ೧೦,೦೩೭. ಶೇಷ ಸೊನ್ನೆ. ನನ್ನ ಗಂಡ ಗೆದ್ದಿದ್ದರು. ಗೆದ್ದವರು ಯಾಕೆ ಹಾರ್ತಾರೆ?"

ಇನ್‌ಸ್ಪೆಕ್ಟರ್ ಕುರ್ಚಿಯನ್ನು ನಿಧಾನವಾಗಿ ಮುಖ್ಯಸ್ಥರ ಕಡೆ ತಿರುಗಿಸಿದರು. ದನಿ ಬದಲಾಗಿತ್ತು.

"ಒಂದು ವಿಷಯ ಸಾರ್. ನಾನು ದಡ್ಡ, ನಾನೇ ಬೆಚ್ಚಿಬಿದ್ದೆ. ಹನ್ನೆರಡು ವರ್ಷದಿಂದ ಕಲ್ಲಲ್ಲಿ ನಿಂತಿದ್ದ ನಿಮ್ಮ ಸಂಖ್ಯೆ ಕಣ್ಣೆದುರಿಗೆ ಎರಡು ಹೋಳಾಯ್ತು. ನೀವು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಸಲ ಆ ಡ್ರಾಯರ್ ನೋಡಿದ್ರಿ."

"ನನ್ನ ಮೇಜು. ಎಲ್ಲಿ ಬೇಕಾದ್ರೂ ನೋಡ್ತೀನಿ."

"ಬೀಗದಕೈ ಕೊಡಿ."

"ವಾರಂಟ್ ಇದೆಯೇನ್ರೀ?"

"ತರಿಸ್ತೀನಿ. ಅದು ಬರೋವರೆಗೆ ನಾನು ಇಲ್ಲೇ ಕೂತಿರ್ತೀನಿ, ನೀವೂ ಕೂತಿರ್ತೀರಿ. ಪತ್ರಿಕೆಯವರಿಗೆ ಫೋನ್ ಮಾಡಿ ಕೆಳಗಿನ ಕಲ್ಲಿನ ಪಟ ತೆಗೀರಿ ಅಂತ ಹೇಳೋಕೆ ಎರಡು ನಿಮಿಷ ಸಾಕು. ಹೇಳ್ಲಾ?"

ಮುಖ್ಯಸ್ಥರ ಕುತ್ತಿಗೆಯ ನರ ಉಬ್ಬಿತು. ನನ್ನನ್ನು ನೋಡಿದರು. ಕಣ್ಣಿನಲ್ಲಿ ಉರಿ ಇತ್ತು. "ಸಮಾಧಾನ ಆಯ್ತಾ?" ಎಂದರು. "ಒಂದು ಮನೆ ಹಾಳು ಮಾಡಿದ್ದು ಸಾಲದೆ ಕಚೇರಿಗೂ ಬೆಂಕಿ ಇಟ್ಟಿರಿ."

ಕೀಲಿ ತಿರುಗಿಸಿದರು. ಡ್ರಾಯರಿನ ತಳದಲ್ಲಿ ಹಾಸಿದ್ದ ಕಾಗದ ಎತ್ತಿ, ಮೂರು ಚೀಟಿಗಳನ್ನು ಮೇಜಿನ ಮೇಲೆ ಎಸೆದರು.

"ಕದ್ದಿದ್ದು ಹೌದು. ಕೊಂದಿಲ್ಲ."

ತಾಳೆಯಾದ ಚೀಟಿಗಳನ್ನು ಮುಖ್ಯಸ್ಥರ ಬಾಗಿಲಿಗೆ ಹೊಡೆದ ತಗಡಿನ ಡಬ್ಬಿಯೊಳಗೆ ಹಾಕಬೇಕು ಎನ್ನುವುದು ಇಲ್ಲಿನ ನಿಯಮ. ಕಿಂಡಿ ಮೇಲಿದೆ, ಬೀಗ ಕೆಳಗಿದೆ, ಕೀಲಿ ಅವರೊಬ್ಬರ ಹತ್ತಿರವೇ, ದಿನಾ ಬೆಳಿಗ್ಗೆ ಚೀಟಿ ತೆಗೆದು ನೋಡಿ ಭಾಗಿಸಿದವರ ಪೆಟ್ಟಿಗೆಗೆ ಕಳಿಸುತ್ತಾರೆ. ಮರುದಿನ ಬೆಳಿಗ್ಗೆ ಪೊಲೀಸರು ಮಹಡಿ ಹತ್ತುವ ಮೊದಲೇ ಡಬ್ಬಿ ತೆರೆದೆ ಎಂದು ಅವರು ಹೇಳಿದರು. ಹೇಳುತ್ತಾ ಒಮ್ಮೆಯೂ ದನಿ ತಗ್ಗಿಸಲಿಲ್ಲ.

"ಆ ಹೊತ್ತಿಗೆ ಅವನು ಹೋಗಿಯಾಗಿತ್ತು. ಚೀಟಿ ತೋರಿಸಿದ್ರೆ ಬದುಕಿ ಬರ್ತಿದ್ನಾ? ಕಲ್ಲು ಮಾತ್ರ ಹೋಗ್ತಿತ್ತು. ಅದೂ ಯಾರ ತಪ್ಪಿಗೆ? ಹನ್ನೆರಡು ವರ್ಷದ ಹಿಂದೆ ಭಾಗಿಸಿದವನು ನಾನೇನಲ್ಲ. ಹೆಸರು ನನ್ನದು. ಪುಸ್ತಕದ ಕೊನೆ ಪುಟಕ್ಕೆ ಬಂದು ಮುಗೀತು ಅಂತ ಪೆನ್ನು ಮುಚ್ಚಿದ ಕೈ ಬೇರೆ."

"ಯಾರದು?" ಎಂದರು ಇನ್‌ಸ್ಪೆಕ್ಟರ್.

ಮುಖ್ಯಸ್ಥರು ಗದ್ದದಿಂದ ಚೀಟಿಗಳ ಕಡೆ ತೋರಿಸಿದರು.

ನಾನು ಮೂರನೆಯದನ್ನು ಎತ್ತಿಕೊಂಡೆ. ಕ್ರಮಸಂಖ್ಯೆ ೧೨೩೨. ಭಾಜಕ ೧೦,೦೩೭. ಭಾಗಲಬ್ಧ ೧೦,೦೩೯. ಶೇಷದ ಮನೆಯಲ್ಲಿ ಒಂದು ಸೊನ್ನೆ. ಅವರು ಸೊನ್ನೆಯನ್ನು ಯಾವಾಗಲೂ ಪೂರ್ತಿ ಮುಚ್ಚುತ್ತಿರಲಿಲ್ಲ, ಮೇಲೆ ಕೂದಲೆಳೆಯಷ್ಟು ಬಿಡುತ್ತಿದ್ದರು. ಇದೂ ಹಾಗೇ ಇತ್ತು.

ಎಡಗಡೆ ಅವರ ರುಜು. ಬಲಗಡೆ ಭಾವನ ರುಜು.

ಅದರ ಕೆಳಗೆ ಆ ದಿನದ ತಾರೀಖು, ವೇಳೆ. ಸಂಜೆ ಆರು ಹತ್ತು.

ಕಾವಲುಗಾರ ನನ್ನ ಗಂಡನನ್ನು ಕೆಳಗೆ ಕಂಡದ್ದು ಆರು ಇಪ್ಪತ್ತಕ್ಕೆ.

"ಇದರಲ್ಲಿ ವೇಳೆ ಇದೆ. ನೀವು ನೋಡಲಿಲ್ವಾ?" ಇನ್‌ಸ್ಪೆಕ್ಟರ್ ಮುಖ್ಯಸ್ಥರನ್ನು ಕೇಳಿದರು.

"ನೋಡಿದೆ."

"ಮತ್ತೆ ಅವರನ್ನ ಕೇಳಲಿಲ್ವಾ?"

"ಚೀಟಿ ಎಲ್ಲಿ ಅಂತ ಅವರು ನನ್ನ ಕೇಳಲಿಲ್ಲ. ಆರು ಹತ್ತಕ್ಕೆ ಇಲ್ಲೇನು ಮಾಡ್ತಿದ್ರಿ ಅಂತ ನಾನೂ ಕೇಳಲಿಲ್ಲ. ದಿನಾ ನಮಸ್ಕಾರ ಹೇಳ್ತೀವಿ."

ಇನ್‌ಸ್ಪೆಕ್ಟರ್ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ತಲೆ ಸರಿ ಇದೆಯಾ ಆ ಮನುಷ್ಯನಿಗೆ? ಹನ್ನೆರಡು ವರ್ಷದ ಹಿಂದಿನ ತನ್ನ ತಪ್ಪು ತೋರಿಸೋ ಚೀಟಿಗೆ ತಾನೇ ರುಜು ಹಾಕಿ, ವೇಳೆ ಬೇರೆ ಬರೀತಾನಾ?"

"ಲೆಕ್ಕ ಸರಿಯಾಗಿತ್ತಲ್ಲ," ಎಂದರು ಮುಖ್ಯಸ್ಥರು. ಅದೇನೂ ವಿಶೇಷವಲ್ಲ ಎಂಬಂತೆ. "ಇಪ್ಪತ್ತೆರಡು ವರ್ಷದಿಂದ ಸರಿ ಇರೋ ಚೀಟಿನ ರುಜು ಹಾಕದೆ ವಾಪಸ್ ಕಳಿಸಿದವರಲ್ಲ ಅವರು. ಕೈ ತಾನಾಗೇ ಹಾಕಿರುತ್ತೆ. ಆಮೇಲೆ ತಲೆ ಓಡಿರುತ್ತೆ."

ಅಷ್ಟು ಹೊತ್ತಿಗೆ ನನ್ನ ಗಂಡ ಚೀಟಿಗಳನ್ನು ಡಬ್ಬಿಗೆ ಹಾಕಿ ಮೆಟ್ಟಿಲ ಹತ್ತಿರ ಬಂದಿರಬೇಕು. ಅಲ್ಲಿ ಕಟಕಟೆ ಸೊಂಟದವರೆಗೂ ಬರುವುದಿಲ್ಲ.

ಇನ್‌ಸ್ಪೆಕ್ಟರ್ ಫೈಲು ಬಿಚ್ಚಿದರು. ಪುಟ ತಿರುವುತ್ತಾ ಹೋದರು. ಒಂದು ಕಡೆ ನಿಂತರು.

"ನಿಮ್ಮ ಭಾವ ಐದಕ್ಕೆ ಕಚೇರಿ ಬಿಟ್ಟು ಐದೂವರೆಗೆ ಮನೆ ಸೇರಿದೆ ಅಂದಿದ್ದಾರೆ. ಅದಕ್ಕೆ ಸಾಕ್ಷಿ ಇದೆ."

"ಯಾರು?"

ಅವರು ಫೈಲು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಹೀಗೆ ಬರೆದಿತ್ತು: ಆರು ಗಂಟೆಗೆ ಭಾವ ಮನೆಯಲ್ಲಿ ಇದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರ ಕೆಳಗೆ ನನ್ನ ರುಜು. 'ನಾನು' ಎಂಬುದನ್ನು ಎರಡು ಸಲ ಬರೆದು ಒಂದನ್ನು ಹೊಡೆದುಹಾಕಿದ್ದರು.

ಆ ದಿನಗಳಲ್ಲಿ ಮುಂದೆ ಇಟ್ಟ ಕಾಗದಕ್ಕೆಲ್ಲ ನಾನು ರುಜು ಹಾಕುತ್ತಿದ್ದೆ. ಆಸ್ಪತ್ರೆಯದು, ಸುಡುಗಾಡಿನದು, ಪೊಲೀಸರದು. ನಿನ್ನ ಭಾವ ಒಳಗೆ ಮಲಗಿದ್ದಾನೆ, ಆಗಲೇ ಬಂದ ಎಂದು ಆ ಸಂಜೆ ಅತ್ತೆ ಹೇಳಿದ್ದರು. ಕೋಣೆಯ ಬಾಗಿಲು ಹಾಕಿತ್ತು. ನಾನು ತೆಗೆದು ನೋಡಿರಲಿಲ್ಲ.

"ಹೇಳಮ್ಮ," ಇನ್‌ಸ್ಪೆಕ್ಟರ್ ದನಿ ಈಗ ಗಟ್ಟಿಯಾಗಿತ್ತು. "ಕಣ್ಣಾರೆ ನೋಡಿದ್ರಾ?"

"ನೋಡಿದಾಳೆ ಸಾರ್. ರುಜು ಹಾಕಿದಾಳಲ್ಲ."

ಬಾಗಿಲಲ್ಲಿ ಭಾವ ನಿಂತಿದ್ದರು. ಕೈಯಲ್ಲಿ ಸ್ಕೂಟರಿನ ಕೀಲಿ. ಮೆಟ್ಟಿಲು ಹತ್ತಿ ಬಂದ ಏದುಸಿರಿರಲಿಲ್ಲ. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ.

"ಏನಮ್ಮಾ, ಇನ್ನೂ ಮುಗೀಲಿಲ್ವಾ ನಿನ್ನದು?" ಎಂದರು. ನೋಟ ಮೇಜಿನ ಮೇಲಿನ ಮೂರು ಚೀಟಿಗಳ ಮೇಲೆ ಹೋಯಿತು. ಅಲ್ಲೇ ಸ್ವಲ್ಪ ನಿಂತಿತು. ತುಟಿ ಅಲುಗಿತು. ಗುಣಾಕಾರ ಮಾಡುತ್ತಿದ್ದರು ಎಂದು ನನಗೆ ಗೊತ್ತಾಯಿತು. ಮಾಡಿ ಮುಗಿಸಿ ತಲೆ ಆಡಿಸಿದರು.

"ಸರಿಯಾಗೇ ಇದೆ," ಎಂದರು.

"ರುಜು ನಿಮ್ಮದಾ?"

"ನನ್ನದೇ."

"ಹಾಗಾದ್ರೆ ಆರು ಹತ್ತಕ್ಕೆ ನೀವು ಇಲ್ಲಿದ್ರಿ."

"ಗಡಿಯಾರ ಮುಂದಿತ್ತೇನೋ. ಮನೇಲಿದ್ದೆ ಅಂತ ಇವಳೇ ಬರೆದುಕೊಟ್ಟಿದಾಳೆ. ಈಗ ಅದು ಸುಳ್ಳು ಅಂದ್ರೆ ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟ ಹಾಗಾಯ್ತು. ಒಂದು ಸಲ ಸುಳ್ಳಿಗೆ ರುಜು ಹಾಕಿದವಳ ಮಾತು ಇನ್ನೆಲ್ಲಿ ನಂಬ್ತೀರಿ, ಯೋಚನೆ ಮಾಡಿ." ಅವರು ನನ್ನ ಕಡೆ ನೋಡಿದರು. "ನೀನೂ ಯೋಚನೆ ಮಾಡು. ಅಮ್ಮ ಅಲ್ಲಿ ದಾರಿ ನೋಡ್ತಿದಾಳೆ."

ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷವಿತ್ತು.

ಇನ್‌ಸ್ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದು ಫೈಲಿನ ಮೇಲಿಟ್ಟರು. ನಾನು ಎತ್ತಿಕೊಂಡೆ. ಕಣ್ಣಾರೆ ನೋಡಿದ್ದೇನೆ ಎಂಬ ಸಾಲಿನ ಮೇಲೆ ಒಂದು ಗೀಟು ಎಳೆದೆ. ನೋಡಿಲ್ಲ ಎಂದು ಬರೆದೆ. ರುಜು ಹಾಕಿದೆ. ವೇಳೆಯನ್ನೂ ಬರೆದೆ.

ಭಾವ ಬಹಳ ಹೊತ್ತು ಆ ಗೀಟನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ತಪ್ಪು ಚೀಟಿ ವಾಪಸ್ ಕಳಿಸುವಾಗ ಇರುವ ಮುಖ ಅದು.

"ಹಾಗೋ," ಎಂದರು. "ನಿನಗೆ ಇದನ್ನ ತೋರಿಸೋದು ಬೇಡ ಅಂತ ಹದಿನಾರು ದಿನ ಎದೆ ಮೇಲೆ ಇಟ್ಕೊಂಡು ತಿರುಗಿದೆ. ನೀನೇ ತೆಗೆಸಿದೆ. ಸಾಯೋ ಮುಂಚೆ ಅವನು ನಿನಗೆ ಅಂತ ಬರೆದಿಟ್ಟದ್ದು."

ಅಂಗಿಯ ಒಳಜೇಬಿಗೆ ಕೈ ಹಾಕಿ, ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದರು. ಕಚೇರಿಯದೇ ಚೀಟಿ. ಒಂದು ಮಡಿಕೆ ಬಿಚ್ಚಿದರು, ಉಳಿದದ್ದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಕ್ರಮಸಂಖ್ಯೆಯ ಮನೆ ಮಾತ್ರ ಕಾಣುತ್ತಿತ್ತು.

ಸಾವಿರದ ಇನ್ನೂರ ಮೂವತ್ತೆರಡನೆಯದಕ್ಕೆ ಸಂಖ್ಯೆ ಒಡೆದಿತ್ತು. ಅಲ್ಲಿಂದಾಚೆ ಭಾಗಿಸಲು ಏನೂ ಉಳಿದಿರಲಿಲ್ಲ. ಇನ್ನೊಂದು ಚೀಟಿ ಬರೆಯಲು ಕಾರಣವೇ ಇರಲಿಲ್ಲ.

ಆದರೂ ಮೂಲೆಯಲ್ಲಿದ್ದ ಕೈಬರಹ ನನ್ನ ಗಂಡನದೇ. ೧೨೩೩.